ಮಂಗಳ ಹತ್ತಿರ ಬಂದ ವರ್ಷ

೧೯೬೩, ಸೆಪ್ಟೆಂಬರ್ ೧೧, ಬುಧವಾರ. ನನ್ನ ಡೈರಿಯಲ್ಲಿ ಆ ದಿನದ ಪುಟ ಹೀಗೆ ಶುರುವಾಗುತ್ತದೆ: "ಮಧ್ಯಾಹ್ನ ಪ್ರಾಕ್ಟಿಕಲ್ಸ್. ಲೋಲಕದ ಪ್ರಯೋಗ. ತರಗತಿಯಲ್ಲಿ ಎಲ್ಲರ ಉತ್ತರವೂ ಒಂದೇ, ನನ್ನದೊಂದನ್ನು ಬಿಟ್ಟು. ಮೇಷ್ಟ್ರು ಯಾರನ್ನೂ ಹೊಗಳಲಿಲ್ಲ, ಬೈಯಲೂ ಇಲ್ಲ. ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಂಡು ಒಂದು ಕಥೆ ಹೇಳಿದರು."

ನನ್ನ ಉತ್ತರ ಎಷ್ಟು ಬಂದಿತ್ತೆಂದೂ ಅಲ್ಲಿ ಬರೆದಿದ್ದೇನೆ. ಅದು ಇಲ್ಲಿಗೆ ಬೇಡ. ಕಥೆ ಇದು.

ನಾನೂರು ವರ್ಷಗಳ ಹಿಂದೆ ಯೂರೋಪಿನಲ್ಲಿ ಒಂದು ನದಿಯ ದಡದ ಮೇಲೆ ಒಂದು ಸಣ್ಣ ಸಂಸ್ಥಾನವಿತ್ತು. ಅಲ್ಲಿಯ ದೊರೆಯ ಬಳಿ ಆಂಬ್ರೋಸ್ ಎಂಬ ಗಣಿತಜ್ಞರಿದ್ದರು.

ಆಸ್ಥಾನ ಗಣಿತಜ್ಞರ ಕೆಲಸ ಒಂದಲ್ಲ. ವರ್ಷಕ್ಕೊಂದು ಪಂಚಾಂಗ ಮಾಡಬೇಕು. ಅರಮನೆಯಲ್ಲಿ ಕೂಸು ಹುಟ್ಟಿದರೆ ಜಾತಕ ಬರೆಯಬೇಕು. ದೊರೆ ಬೇಟೆಗೆ ಹೊರಟರೆ ಮುಹೂರ್ತ ಹೇಳಬೇಕು. ಕೋಟೆಯ ಗೋಡೆ ಬಿರುಕು ಬಿಟ್ಟರೆ ಅಳತೆ ಹಿಡಿಯಬೇಕು. ದೊರೆಯ ಮಗನಿಗೆ ಭಾಗಾಕಾರ ಕಲಿಸಬೇಕು. ಅವನು ಕಲಿಯದಿದ್ದರೆ ಅದೂ ಗಣಿತಜ್ಞರದೇ ತಪ್ಪು.

ಇಷ್ಟೆಲ್ಲ ಮುಗಿದ ಮೇಲೆ ಆಕಾಶ ನೋಡಬಹುದು.

ಆಂಬ್ರೋಸರು ಆಕಾಶ ನೋಡುವ ಸಲುವಾಗಿಯೇ ಉಳಿದದ್ದನ್ನೆಲ್ಲ ಮಾಡುತ್ತಿದ್ದರು.

ಅವರಿಗೆ ಬೇಕಾಗಿದ್ದುದು ಮಂಗಳನ ದಾರಿ. ಗ್ರಹಗಳಲ್ಲೆಲ್ಲ ಲೆಕ್ಕಕ್ಕೆ ಸಿಗದೆ ಓಡಾಡುವುದು ಅದೇ. ಹಳೆಯ ಪುಸ್ತಕಗಳು ಹೇಳಿದ ಜಾಗದಲ್ಲಿ ಅದು ಇರುತ್ತಿರಲಿಲ್ಲ. ಆಂಬ್ರೋಸರು ತಮ್ಮದೇ ಒಂದು ಲೆಕ್ಕ ಕಟ್ಟಿದ್ದರು. ಮಂಗಳ ತೀರಾ ಹತ್ತಿರ ಬಂದು ಕೆಂಡದ ಹಾಗೆ ಹೊಳೆಯುವ ಕಾಲದಲ್ಲಿ ಆ ಲೆಕ್ಕವನ್ನು ಒರೆಗೆ ಹಚ್ಚಬೇಕಿತ್ತು. ಅಂಥ ಕಾಲ ಬರುವುದು ಹದಿನೈದು ಹದಿನಾರು ವರ್ಷಕ್ಕೊಮ್ಮೆ.

ಅದು ಬಂದ ವರ್ಷ ಅವರ ಕಣ್ಣಿಗೆ ಪೊರೆ ಕಟ್ಟಿತ್ತು.

ಅವರಿಗೊಬ್ಬ ಶಿಷ್ಯ. ಹೆಸರು ಕಾಸ್ಪರ್. ಗುರುವಿನ ಮನೆಯಲ್ಲೇ ಉಂಡು, ಮಲಗಿ, ಕಲಿತು ದೊಡ್ಡವನಾದವನು. ಗುರುಗಳು ಕೆಮ್ಮಿದರೂ ಅದರಲ್ಲಿ ಏನೋ ಅರ್ಥವಿದೆ ಎಂದು ನಂಬುವವನು.

ಮನೆಯಲ್ಲಿ ಮೂರನೆಯವರು ಉರ್ಸುಲಾ, ಆಂಬ್ರೋಸರ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದವರು. ಅಡುಗೆ ಅವರದು. ಬೈಗುಳವೂ ಅವರದೇ.

"ಇನ್ನು ನೋಡುವ ಕೆಲಸ ನಿನ್ನದು," ಎಂದರು ಗುರುಗಳು.

"ನಿಮ್ಮ ಹಾಗೆ ನೋಡಲಾರೆ ಗುರುಗಳೇ," ಎಂದ ಕಾಸ್ಪರ್.

"ನನ್ನ ಹಾಗೆ ನೋಡು ಎಂದು ನಾನು ಹೇಳಲಿಲ್ಲ. ನೋಡು ಎಂದೆ."

ದೂರದರ್ಶಕ ಇನ್ನೂ ಬಂದಿರದ ಕಾಲ. ಆಕಾಶ ನೋಡಲೆಂದು ದೊರೆ ಮನೆಗೆ ಸೇರಿಸಿ ಕಟ್ಟಿಸಿಕೊಟ್ಟಿದ್ದ ಗೋಪುರದ ಗೋಡೆಗೆ ಹಿತ್ತಾಳೆಯ ದೊಡ್ಡದೊಂದು ಕಮಾನು ಕೂರಿಸಿದ್ದರು, ವೃತ್ತದ ಕಾಲುಭಾಗದಷ್ಟು. ಅದರ ಮೇಲೆ ಕೋನ ಅಳೆಯುವ ಅಂಶಗಳ ಗೆರೆಗಳು. ಗೆರೆಗಳ ಮೇಲೆ ಹಿಂದೆ ಮುಂದೆ ಜಾರುವ ಒಂದು ಪಟ್ಟಿ. ಪಟ್ಟಿಯ ಮೇಲೆ ಒಂದು ತಗಡು, ತಗಡಿನಲ್ಲೊಂದು ಸೀಳು. ಸೀಳಿನೊಳಗಿಂದ ಗ್ರಹ ಕಂಡಾಗ ಪಟ್ಟಿ ಯಾವ ಗೆರೆಯ ಮೇಲಿದೆಯೋ ಅದೇ ಗ್ರಹದ ಎತ್ತರ. ಅದನ್ನು ಬರೆದುಕೊಳ್ಳಬೇಕು. ಅಷ್ಟೇ ಕೆಲಸ.

ಬೆಳಿಗ್ಗೆ ಗಂಜಿಗೆ ಕುಳಿತಾಗ ಗುರುಗಳು ಕೇಳುವರು:

"ಮಂಗಳ ಎಲ್ಲಿತ್ತು?"

"ನೀವು ಹೇಳಿದಲ್ಲೇ ಇತ್ತು, ಗುರುಗಳೇ."

ಮಾರನೆಯ ಬೆಳಿಗ್ಗೆ ಮತ್ತೆ ಅದೇ ಪ್ರಶ್ನೆ. ಮತ್ತೆ ಅದೇ ಉತ್ತರ.

ಸುದ್ದಿ ಅರಮನೆಗೆ ಹೋಯಿತು. ದೊರೆಗೆ ಹಿಗ್ಗು. ಪಕ್ಕದ ಸಂಸ್ಥಾನದ ದೊರೆಯ ಬಳಿ ಒಳ್ಳೆಯ ಕುದುರೆಗಳಿದ್ದವು; ಇವನ ಬಳಿ ಈಗ ಮಂಗಳನಿದ್ದ. ಮಂಗಳನ ಕೋಷ್ಟಕಗಳು ದೊರೆಯ ಹೆಸರಿನಲ್ಲೇ ಅಚ್ಚಾಗಬೇಕೆಂದು ಅಪ್ಪಣೆಯಾಯಿತು. ಮೊದಲ ಪುಟಕ್ಕೆ ಅವನ ಮುಖವನ್ನು ತಾಮ್ರದ ಹಲಗೆಯಲ್ಲಿ ಕೊರೆಯಲು ಆಳು ಬಂದ. ಆಂಬ್ರೋಸರ ನಂತರ ಗೋಪುರ ಕಾಸ್ಪರನಿಗೆ ಎಂದು ದೊರೆ ಊಟದ ಮೇಜಿನಲ್ಲಿ ಎಲ್ಲರ ಮುಂದೆ ಹೇಳಿದ.

ಉರ್ಸುಲಾ ಅಂದು ಕಾಸ್ಪರನಿಗೆ ಬೆಣ್ಣೆ ಹೆಚ್ಚಿಗೆ ಹಾಕಿದರು.

"ಮಂಗಳ ಎಲ್ಲಿತ್ತು?" ಎಂದರು ಗುರುಗಳು.

"ನೀವು ಹೇಳಿದಲ್ಲೇ."

"ಸ್ವಲ್ಪ ಆಚೆ ಈಚೆ?"

"ಒಂದು ಕೂದಲಿನಷ್ಟೂ ಇಲ್ಲ."

ಗುರುಗಳು ಚಮಚ ಕೆಳಗಿಟ್ಟರು. ಕಾಸ್ಪರ್ ಎದ್ದು ಹೋದ ಮೇಲೆ ಅಕ್ಕನಿಗೆ ಹೇಳಿದರು:

"ನಾನು ಇಷ್ಟು ಒಳ್ಳೆಯ ಗಣಿತಜ್ಞ ಅಲ್ಲ, ಅಕ್ಕಾ."

"ಚಿಕ್ಕಂದಿನಿಂದ ಹೇಳುತ್ತಲೇ ಇದ್ದೇನೆ. ಈಗ ಒಪ್ಪಿಕೊಂಡೆ," ಎಂದರು ಉರ್ಸುಲಾ. "ಗಂಜಿ ಆರುತ್ತೆ, ತಿನ್ನು."

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಉರ್ಸುಲಾ ತಮ್ಮನ ಜೋಡು ಒರೆಸಲು ಎತ್ತಿಕೊಂಡವರು ಹೊಸಿಲ ಮೇಲೆ ನಿಂತುಬಿಟ್ಟರು.

"ಇದೇನಿದು? ಜೋಡಿನ ಹಿಂಬದಿ ಎಲ್ಲಿ?"

"ಇಲಿ ತಿಂದಿರಬೇಕು," ಎಂದ ಕಾಸ್ಪರ್.

"ಇಲಿ ಇಷ್ಟು ನೇರವಾಗಿ ತಿನ್ನುತ್ತದೇನೋ? ಚಾಕು ಹಿಡಿದು ಕೊಯ್ದ ಹಾಗಿದೆ!"

"ವಿದ್ಯಾವಂತರ ಮನೆಯ ಇಲಿ," ಎಂದರು ಗುರುಗಳು. ಹರಿದ ಜೋಡನ್ನೇ ಮೆಟ್ಟಿಕೊಂಡರು.

ಆ ವಾರವೂ ಗುರುಗಳು ದಿನಾ ಕೇಳಿದರು. ಮಂಗಳ ದಿನಾ ಅವರು ಹೇಳಿದಲ್ಲೇ ಇತ್ತು.

ವಾರ ಮುಗಿದ ಬೆಳಿಗ್ಗೆ ಗುರುಗಳು ಗೋಡೆ ಹಿಡಿದುಕೊಂಡು ಗೋಪುರ ಹತ್ತಿದರು. ಕಾಸ್ಪರ್ ಹಿಂದೆ ಹಿಂದೆ ಬಂದ. ಕಿಟಕಿಯಿಂದ ನದಿಯ ಬೆಳಕು ಹಿತ್ತಾಳೆಯ ಮೇಲೆ ಬಿದ್ದಿತ್ತು.

"ಆ ತಗಡನ್ನು ಬಿಚ್ಚು," ಎಂದರು.

ಕಾಸ್ಪರ್ ತಿರುಪು ಸಡಿಲಿಸಿ ತಗಡು ಎತ್ತಿದ. ಅದರ ಬುಡದಲ್ಲಿ ಒಂದು ತೊಗಲಿನ ತುಂಡು ಸಿಕ್ಕಿಸಿತ್ತು.

ಅವನು ಅದನ್ನು ನೋಡಿದ. ಗುರುವಿನ ಕಾಲು ನೋಡಿದ.

"ಅಷ್ಟು ದಪ್ಪದ ತೊಗಲು ಆ ಸೀಳನ್ನು ಎಷ್ಟು ಮೇಲಕ್ಕೆ ಎತ್ತುತ್ತದೆ?" ಎಂದರು ಗುರುಗಳು.

ಲೆಕ್ಕ ಕಾಸ್ಪರನಿಗೆ ಬರುತ್ತಿತ್ತು. "ಹುಣ್ಣಿಮೆ ಚಂದ್ರನ ಅಗಲದಲ್ಲಿ ಆರನೇ ಒಂದು ಪಾಲು."

"ಒಂದು ವಾರದಿಂದ ನಿನ್ನ ಮಂಗಳ ಅಷ್ಟು ತಪ್ಪಾಗಿ ಕಾಣಬೇಕಿತ್ತು. ಕಾಣಲಿಲ್ಲ."

ಕಾಸ್ಪರ್ ತೊಗಲನ್ನು ಕೈಯಲ್ಲೇ ಹಿಡಿದು ನಿಂತ.

"ನೀನು ಮೇಲೆ ಹತ್ತುತ್ತಲೇ ಇರಲಿಲ್ಲವೇ?"

"ಹತ್ತುತ್ತಿದ್ದೆ ಗುರುಗಳೇ! ಒಂದು ದಿನವೂ ತಪ್ಪಿಸಿಲ್ಲ. ಚಳಿಯಲ್ಲಿ ಬೆರಳು ಮರಗಟ್ಟಿ ಹೋಗುತ್ತಿದ್ದವು."

"ಮತ್ತೆ?"

"ಮೊದಲ ಸಲ ನೋಡಿದಾಗ ನನಗೆ ಬೇರೆ ಅಂಕಿ ಬಂತು. ನಿಮ್ಮ ಕೋಷ್ಟಕದಲ್ಲಿ ಬೇರೆ ಇತ್ತು. ಮತ್ತೆ ನೋಡಿದೆ. ಮತ್ತೂ ಬೇರೆಯೇ ಬಂತು. ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡೆ."

"ಆಮೇಲೆ?"

"ನಿಮ್ಮ ಅಂಕಿ ಬರೆದೆ."

"ಆಮೇಲೆ?"

"ಆಮೇಲೆ ಮೊದಲು ಕೋಷ್ಟಕ ನೋಡಿಕೊಂಡು, ಪಟ್ಟಿಯನ್ನು ಅಲ್ಲಿಗೆ ಜಾರಿಸಿ, ಸೀಳಿಗೆ ಕಣ್ಣಿಡುತ್ತಿದ್ದೆ." ಅವನ ದನಿ ಸಣ್ಣದಾಯಿತು. "ಅಲ್ಲೇ ಕಾಣುತ್ತಿತ್ತು. ನಿಜವಾಗಿಯೂ ಕಾಣುತ್ತಿತ್ತು, ಗುರುಗಳೇ."

"ಗೊತ್ತು," ಎಂದರು ಗುರುಗಳು. "ಆ ಮೊದಲ ಸಲದ ನಿನ್ನ ಅಂಕಿ ಎಷ್ಟು?"

"ನೆನಪಿಲ್ಲ. ಅಳಿಸಿಬಿಟ್ಟೆ."

ಗುರುಗಳು ಕಿಟಕಿಯ ಕಟ್ಟೆಯ ಮೇಲೆ ಕುಳಿತರು. ಕೆಳಗೆ ಯಾರೋ ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಆ ಸದ್ದು ಗೋಪುರದವರೆಗೂ ಬರುತ್ತಿತ್ತು.

"ನನಗೆ ಬೇಕಾಗಿದ್ದುದು ಆ ಅಂಕಿ," ಎಂದರು.

ಕಾಸ್ಪರ್ ತೊಗಲನ್ನು ಅವರ ಪಕ್ಕದಲ್ಲಿಟ್ಟ. "ನಿಮ್ಮನ್ನು ಸುಳ್ಳು ಮಾಡಲು ಮನಸ್ಸಾಗಲಿಲ್ಲ."

"ನನ್ನ ಲೆಕ್ಕ ಎಲ್ಲಿ ಸೋಲುತ್ತದೆ ಎಂದು ಹೇಳುವ ಒಬ್ಬ ಬೇಕು ಅಂತಲೇ ನಿನಗೆ ಇಷ್ಟು ವರ್ಷ ಅನ್ನ ಹಾಕಿದೆ."

"ಇವತ್ತಿನಿಂದ ಸರಿಯಾಗಿ ನೋಡುತ್ತೇನೆ."

"ನೋಡು. ಮಂಗಳ ಆಗಲೇ ದೂರ ಹೋಗುತ್ತಿದೆ."

ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಕೋಷ್ಟಕಗಳು ಅಚ್ಚಿನ ಮನೆಯಲ್ಲಿದ್ದವು. ದೊರೆ ಪುಸ್ತಕವನ್ನು ಸೂರ್ಯಗ್ರಹಣದ ದಿನ ಎಲ್ಲರ ಮುಂದೆ ಸ್ವೀಕರಿಸುವುದೆಂದು ಗೊತ್ತಾಗಿತ್ತು. ಗ್ರಹಣದ ವೇಳೆಯನ್ನು ಆಂಬ್ರೋಸರು ಹಿಂದೆಯೇ, ತಮ್ಮ ಕಣ್ಣು ಚೆನ್ನಾಗಿದ್ದ ಕಾಲದ ಅಂಕಿಗಳಿಂದ, ಗುಣಿಸಿ ಕೊಟ್ಟಿದ್ದರು. ಸೂರ್ಯಚಂದ್ರರ ಆ ಲೆಕ್ಕಕ್ಕೂ ಮಂಗಳನ ಲೆಕ್ಕಕ್ಕೂ ಸಂಬಂಧವಿರಲಿಲ್ಲ.

ಆದರೆ ಅದು ದೊರೆಗೆ ಗೊತ್ತಿರಲಿಲ್ಲ. ಕಾಸ್ಪರನಿಗೆ ಗೊತ್ತಿತ್ತು.

"ಗುರುಗಳೇ," ಎಂದ ಒಂದು ದಿನ. "ಗ್ರಹಣ ಸರಿಯಾಗಿಯೇ ಬರುತ್ತದೆ."

"ಬರುತ್ತದೆ."

"ಗ್ರಹಣ ಸರಿಯಾದರೆ ಪುಸ್ತಕವನ್ನು ಯಾರೂ ಅನುಮಾನಿಸುವುದಿಲ್ಲ."

"ಯಾರೂ ಅನುಮಾನಿಸುವುದಿಲ್ಲ."

"ಗೋಪುರ ಉಳಿಯುತ್ತದೆ. ಅಕ್ಕನವರಿಗೆ ಈ ವಯಸ್ಸಿನಲ್ಲಿ ಒಂದು ಸೂರು ಉಳಿಯುತ್ತದೆ. ಮುಂದಿನ ಸಲ ಮಂಗಳ ಬಂದಾಗ ಈ ಗೋಪುರದಿಂದಲೇ ನೋಡಿ, ನಾನೇ ತಿದ್ದುತ್ತೇನೆ. ನಾವು ಬಾಯಿ ಬಿಡದಿದ್ದರೆ ಆಯಿತು."

ಒಲೆಯ ಮುಂದಿದ್ದ ಉರ್ಸುಲಾ ತಿರುಗಿ ನೋಡದೆ ಹೇಳಿದರು:

"ನನ್ನ ಸೂರಿನ ವಿಚಾರ ನೀನು ಎತ್ತಬೇಡ ಮಾರಾಯ. ನಿನ್ನ ವಿಚಾರ ಹೇಳು."

ಗ್ರಹಣದ ದಿನ ಆಸ್ಥಾನವೆಲ್ಲ ನದಿಯ ದಡಕ್ಕೆ ಬಂತು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂದು ತೊಟ್ಟಿಗಳಲ್ಲಿ ನೀರು ತುಂಬಿಸಿಟ್ಟಿದ್ದರು. ದೊರೆಯ ತೊಟ್ಟಿಗೆ ಮಾತ್ರ ಬೆಳ್ಳಿಯ ಅಂಚು.

ಗುರುಗಳು ಹೇಳಿದ ವೇಳೆಗೆ ನೀರಿನೊಳಗಿನ ಸೂರ್ಯನ ಅಂಚು ಯಾರೋ ಕಚ್ಚಿದ ಹಾಗೆ ಮುಕ್ಕಾಯಿತು. ನೆರಳುಗಳು ಮಂಕಾದವು. ಹಕ್ಕಿಗಳು ಗೂಡಿಗೆ ತಿರುಗಿದವು. ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು. ದೊರೆಯ ಮಗ ತೊಟ್ಟಿಯ ನೀರು ಕಲಕಿ ಬೈಸಿಕೊಂಡ.

ಆಮೇಲೆ ಬೆಳಕು ವಾಪಸು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಗ್ರಹಣವನ್ನು ದೊರೆಯೇ ಮಾಡಿಸಿದ್ದನೋ ಎಂಬಂತೆ.

ಮೆಚ್ಚಿದ ಪಂಡಿತನ ಕೊರಳಿಗೆ ದೊರೆ ತನ್ನ ಮುಖವುಳ್ಳ ಪದಕದ ಚಿನ್ನದ ಸರ ಹಾಕುವುದು ಅಲ್ಲಿಯ ಪದ್ಧತಿ. ದೊರೆ ಸರ ಎತ್ತಿಕೊಂಡ.

"ಪಂಡಿತರೇ, ತಲೆ ಬಾಗಿಸಿ."

ಆಂಬ್ರೋಸರು ಬಾಗಲಿಲ್ಲ. ಜೇಬಿನಿಂದ ಏನೋ ತೆಗೆದು ದೊರೆಯ ಅಂಗೈಯಲ್ಲಿಟ್ಟರು.

"ಇದೇನು?"

"ನನ್ನ ಜೋಡಿನ ತೊಗಲು, ಪ್ರಭು."

ಯಾರೋ ನಕ್ಕರು. ದೊರೆ ನಗಲಿಲ್ಲ. "ನನಗೇಕೆ ಇದು?"

ಗುರುಗಳು ಎಲ್ಲವನ್ನೂ ಹೇಳಿದರು. ದನಿ ಎತ್ತಲಿಲ್ಲ, ಇಳಿಸಲೂ ಇಲ್ಲ.

"ಗ್ರಹಣ ಸರಿಯಾಗಿ ಬಂತಲ್ಲ?" ಎಂದ ದೊರೆ.

"ಬಂತು. ನನ್ನ ಪುಸ್ತಕ ಓದಿಕೊಂಡು ಬಂದದ್ದಲ್ಲ."

"ನಿಮ್ಮ ಶಿಷ್ಯ ಸುಳ್ಳು ಬರೆದ ಎನ್ನುತ್ತೀರಾ?"

"ಇಲ್ಲ ಪ್ರಭು. ನನ್ನ ಮಾತನ್ನೇ ನನಗೆ ತಿರುಗಿ ಒಪ್ಪಿಸಿದ. ನಾನು ಅದನ್ನು ಮಂಗಳನ ಮಾತು ಎಂದು ನಂಬಿದೆ."

"ಪುಸ್ತಕ ಹೊರಗೆ ಹೋದರೆ ಯಾರಿಗೆ ಏನು ತೊಂದರೆ?"

"ಮುಂದೆ ಯಾವನೋ ಒಬ್ಬ ಮಂಗಳನನ್ನು ನೋಡುತ್ತಾನೆ. ಅವನಿಗೆ ಬೇರೆ ಅಂಕಿ ಬರುತ್ತದೆ. ನಿಮ್ಮ ಹೆಸರಿರುವ ಪುಸ್ತಕ ತೆರೆಯುತ್ತಾನೆ. ತನ್ನ ಕಣ್ಣೇ ಸರಿಯಿಲ್ಲ ಅಂದುಕೊಳ್ಳುತ್ತಾನೆ. ತಾನು ಕಂಡದ್ದನ್ನು ಅಳಿಸುತ್ತಾನೆ."

ದೊರೆ ತೊಗಲನ್ನು ಬೆರಳುಗಳ ನಡುವೆ ತಿರುಗಿಸಿದ. ಅವನೇನು ದಡ್ಡನಲ್ಲ. ಒಬ್ಬ ಮುದುಕ, ಕಣ್ಣು ಕಾಣದವನು. ಅವನ ಮಾತು ಒಂದು. ಒಬ್ಬ ತರುಣ, ಕಣ್ಣಾರೆ ನೋಡಿದವನು. ಅವನ ಮಾತು ಇನ್ನೊಂದು. ತನಗೆ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು.

ಅವನು ಕಾಸ್ಪರನ ಕಡೆ ತಿರುಗಿದ.

"ನೋಡಿದವನು ನೀನು. ನಿನ್ನ ಗುರುವಿಗೆ ವಯಸ್ಸಾಗಿದೆ. ಮಂಗಳ ನೀನು ಬರೆದಲ್ಲಿತ್ತೋ ಇಲ್ಲವೋ? ಇತ್ತು ಎಂದರೆ ಪುಸ್ತಕ ಹೊರಗೆ ಹೋಗುತ್ತದೆ, ಈ ಸರ ನಿನ್ನ ಕೊರಳಿಗೆ. ಗೋಪುರವೂ ನಿನ್ನದು. ಮುದುಕರನ್ನು ನೀನೇ ಇಟ್ಟುಕೊಂಡು ಸಾಕು, ಬೇಡವೆನ್ನುವುದಿಲ್ಲ."

ಕಾಸ್ಪರ್ ಗುರುವಿನ ಮುಖ ನೋಡಿದ.

ಗುರುಗಳು ನದಿಯ ಕಡೆ ತಿರುಗಿ ನಿಂತರು.

ಅವನು ಕಾದ. ಗುರುಗಳು ಈಚೆಗೆ ತಿರುಗಲಿಲ್ಲ. ಅವರ ಬೆನ್ನು ಮಾತ್ರ ಕಾಣುತ್ತಿತ್ತು, ಹಿಂಬದಿಯಿಲ್ಲದ ಆ ಜೋಡು ಮತ್ತು ಕಾಲುಚೀಲದಿಂದ ಇಣುಕುವ ಹಿಮ್ಮಡಿ.

"ಹೇಳು," ಎಂದ ದೊರೆ. "ಅವರು ನಿನಗೆ ಹೇಳಿಕೊಡುವುದಿಲ್ಲ."

ಉರ್ಸುಲಾ ಜನರ ನಡುವೆ ನಿಂತಿದ್ದರು. ಕಾಸ್ಪರ್ ಅವರ ಕಡೆಯೂ ನೋಡಿದ. ಅವರು ಶಾಲು ಸರಿಪಡಿಸಿಕೊಳ್ಳುತ್ತಿದ್ದರು.

"ಮಂಗಳ ಎಲ್ಲಿತ್ತೋ ನನಗೆ ಗೊತ್ತಿಲ್ಲ, ಪ್ರಭು," ಎಂದ ಕಾಸ್ಪರ್. "ನಾನು ನೋಡಲಿಲ್ಲ."

ಯಾರ ಮುಖವನ್ನೂ ನೋಡದೆ ಅವನಾಡಿದ ಮೊದಲ ಮಾತು ಅದು.

ದೊರೆ ಸರವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ತೊಗಲನ್ನು ಹಿಂದಕ್ಕೆ ಕೊಟ್ಟ.

"ಗೋಪುರಕ್ಕೆ ಬೇರೆಯವರು ಬರುತ್ತಾರೆ, ಆಂಬ್ರೋಸ್," ಎಂದ. ಪಂಡಿತರೇ ಎನ್ನಲಿಲ್ಲ.

ಚಳಿಗಾಲ ಹತ್ತಿರವಾಗುವಾಗ ಮೂವರೂ ದೋಣಿ ಹತ್ತಿದರು. ನದಿಯ ಕೆಳಹರಿವಿನ ಒಂದು ಊರಿನಲ್ಲಿ ವರ್ತಕರ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು ಬೇಕಾಗಿತ್ತು. ಮನೆ ಸಿಗುವವರೆಗೆ ಉಗ್ರಾಣದ ಹಿಂದೆ ಒಂದು ಕೋಣೆ ಕೊಡುವುದಾಗಿ ಹೇಳಿದ್ದರು.

ಉರ್ಸುಲಾ ಬಾಣಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. "ವರ್ತಕರ ಮಕ್ಕಳು ಭಾಗಾಕಾರ ಬೇಗ ಕಲಿಯುತ್ತವೆ," ಎಂದರು. "ಅಷ್ಟು ಸುಖ."

ಗೋಪುರ ತಿರುವಿನಲ್ಲಿ ಮರೆಯಾಯಿತು. ಅದು ಆಂಬ್ರೋಸರಿಗೆ ಕಾಣುತ್ತಿರಲಿಲ್ಲ. ಆದರೂ ಕಾಸ್ಪರ್ ಅದರ ಕಡೆ ನೋಡುವುದನ್ನು ನಿಲ್ಲಿಸಿದಾಗ ಅವರಿಗೆ ತಿಳಿಯಿತು.

ಬಹಳ ಹೊತ್ತಿನ ಮೇಲೆ ಕಾಸ್ಪರ್ ಕೇಳಿದ:

"ನಾನು ದಡದಲ್ಲಿ ಹೇಳಿದ್ದು ಸರಿಯೇ, ಗುರುಗಳೇ?"

ಗುರುಗಳು ಉತ್ತರ ಕೊಡಲಿಲ್ಲ.

ದೋಣಿ ಒಂದು ಸೇತುವೆಯ ಕೆಳಗೆ ಹಾದುಹೋಯಿತು. ಕಾಸ್ಪರ್ ತಲೆ ತಗ್ಗಿಸಿ ಕುಳಿತಿದ್ದ. ಮತ್ತೆ ಕೇಳಿದ, ಈ ಸಲ ಬೇರೆ ಪ್ರಶ್ನೆ:

"ನನ್ನಿಂದ ನಿಮಗೆ ಏನೇನು ಹೋಯಿತು? ಮುಚ್ಚಿಡದೆ ಹೇಳಿ."

ಗುರುಗಳು ತೊಗಲಿನ ತುಂಡನ್ನು ಜೋಡಿಗೆ ಒತ್ತಿ ಹಿಡಿದು, ಕೂರುವುದಿಲ್ಲವೆಂದು ಕಂಡು, ನೀರಿಗೆ ಬಿಟ್ಟರು.

"ಗೋಪುರ ಹೋಯಿತು. ಅಕ್ಕನ ಒಲೆ ಹೋಯಿತು. ಹಿತ್ತಾಳೆಯ ಕಮಾನು ಗೋಡೆಯಲ್ಲೇ ಉಳಿಯಿತು. ಪುಸ್ತಕ ಇಲ್ಲ. ಒಂದು ಜೊತೆ ಜೋಡು ಹಾಳಾಯಿತು. ನನ್ನ ಆಯುಸ್ಸಿನಲ್ಲಿ ಇನ್ನೊಮ್ಮೆ ಸಿಗದ ಮಂಗಳ, ಅದೂ ಹೋಯಿತು. ಮತ್ತೆ ಹತ್ತಿರ ಬರುವಷ್ಟರಲ್ಲಿ ನಿನಗೆ ನಲವತ್ತಾಗಿರುತ್ತದೆ. ಎಲ್ಲಿ ಕಂಡಿತೋ ಅಲ್ಲಿ ಬರೆದುಕೋ. ಕೇಳುವುದಕ್ಕೆ ನಾನಿರುವುದಿಲ್ಲ."